ವೇಗದ ಕ್ಯಾಮೆರಾ, ಇ-ಚಲನ್: ಬಳ್ಳಾರಿ, ಕೊಪ್ಪಳ, ರಾಯಚೂರಿನ ಗಾಡಿಯವರ ಕಣ್ಣಲ್ಲಿ ಒಂದು ವಿಮರ್ಶೆ

ಹೊಸಪೇಟೆ ಬಿಟ್ಟು ಮುನಿರಾಬಾದ್ ದಾಟಿ ಕೊಪ್ಪಳದ ಕಡೆ ಹೊರಟರೆ ರಸ್ತೆ ಅಗಲ, ನೆಟ್ಟಗೆ, ನುಣುಪು. ಕಾಲು ತಾನಾಗಿಯೇ ಆಕ್ಸಿಲರೇಟರ್ ಒತ್ತುತ್ತದೆ. ಎದುರಿನ ಲಾರಿ ಎರಡು ಸಲ ಹೆಡ್‌ಲೈಟ್ ಮಿಣುಕಿಸಿತೆಂದರೆ ಅರ್ಥ ಎಲ್ಲರಿಗೂ ಗೊತ್ತು, ಮುಂದೆ ಎಲ್ಲೋ ಬೇವಿನ ಮರದ ನೆರಳಲ್ಲಿ ವೇಗ ಅಳೆಯುವ ಪೊಲೀಸ್ ಗಾಡಿ, ಅಂದರೆ ಇಂಟರ್‌ಸೆಪ್ಟರ್ ನಿಂತಿದೆ. ನೂರಹತ್ತರಲ್ಲಿದ್ದ ಕಾರು ಎಂಬತ್ತಕ್ಕೆ ಇಳಿಯುತ್ತದೆ. ಪೊಲೀಸ್ ಗಾಡಿ ಕನ್ನಡಿಯಲ್ಲಿ ಸಣ್ಣದಾದ ಕೂಡಲೇ ಮತ್ತೆ ನೂರಹತ್ತು.

ವೇಗ ಅಳೆಯುವ ಯಂತ್ರ, ನೋಟಿಸ್ ಕಳಿಸುವ ಏರ್ಪಾಡು, ದಂಡ ಕಟ್ಟುವ ಜಾಲತಾಣ, ತಕರಾರು ಹೇಳುವ ದಾರಿ, ಈ ನಾಲ್ಕೂ ಸೇರಿದರೆ ಒಂದು ಸೇವೆ. ಸಾರ್ವಜನಿಕರ ದುಡ್ಡಲ್ಲಿ ನಡೆಯುವ ಸೇವೆಯಾದ್ದರಿಂದ ಉಳಿದ ಸೇವೆಗಳ ಹಾಗೆಯೇ ಇದನ್ನೂ ತೂಗಿ ನೋಡಬೇಕು. ಅಂಕ ಮೊದಲೇ ಹೇಳಿಬಿಡುವುದು ಒಳ್ಳೆಯದು: ಅಳತೆಗೆ ಐದರಲ್ಲಿ ನಾಲ್ಕು, ದಂಡ ಕಟ್ಟುವ ಸೌಲಭ್ಯಕ್ಕೆ ಮೂರೂವರೆ, ನೋಟಿಸ್ ತಲುಪಿಸುವುದಕ್ಕೆ ಎರಡು, ತಕರಾರಿಗೆ ಒಂದೂವರೆ. ಯಂತ್ರದ ಬಗ್ಗೆ ದೊಡ್ಡ ದೂರಿಲ್ಲ. ತೊಡಕು ಶುರುವಾಗುವುದು ಯಂತ್ರ ಫೋಟೊ ತೆಗೆದ ಮೇಲೆ. ತಪ್ಪು ಮಾಡಿದ ವಾರದೊಳಗೆ ಮೊಬೈಲ್ ಗುಂಯ್‌ಗುಟ್ಟಿದರೆ ಚಾಲಕ ಮುಂದಿನ ಸಲ ಅದೇ ಜಾಗದಲ್ಲಿ ಕಾಲು ತೆಗೆಯುತ್ತಾನೆ. ಆರು ತಿಂಗಳಾದ ಮೇಲೆ ಇನ್ಶೂರೆನ್ಸ್ ಕಟ್ಟಲು ಹೋದಾಗಲೋ ಗಾಡಿ ಮಾರಲು ಹೊರಟಾಗಲೋ ಏಳು ಚಲನ್ ಒಟ್ಟಿಗೆ ಕಂಡರೆ ಅದು ಅವನಿಗೆ ಇನ್ನೊಂದು ತೆರಿಗೆ ಅಷ್ಟೆ.

ವೇಗ ಅಳೆಯುವುದು ಹೇಗೆ

ನಮ್ಮ ಕಡೆ ಹೆದ್ದಾರಿಯಲ್ಲಿ ಜನ ಹೆಚ್ಚಾಗಿ ಎದುರಿಸುವುದು ಲೇಸರ್ ಗನ್. ಗಾಡಿಯ ಒಳಗೆ ಅಥವಾ ಪಕ್ಕದಲ್ಲಿ ಮೂರು ಕಾಲಿನ ಸ್ಟ್ಯಾಂಡ್ ಮೇಲೆ ಕೂರಿಸಿ, ಬರುವ ಗಾಡಿಯ ನಂಬರ್ ಪ್ಲೇಟ್ ಅಥವಾ ಹೆಡ್‌ಲೈಟ್‌ಗೆ ಗುರಿ ಇಡುತ್ತಾರೆ. ಗನ್ನಿನಿಂದ ಕಣ್ಣಿಗೆ ಕಾಣದ ಬೆಳಕಿನ ಸಣ್ಣ ಸಣ್ಣ ಮಿಡಿತಗಳು ಹೊರಟು, ಗಾಡಿಗೆ ಬಡಿದು ಮರಳುತ್ತವೆ. ಹೋಗಿ ಬರಲು ಹಿಡಿದ ಸಮಯದಿಂದ ದೂರ ಸಿಗುತ್ತದೆ, ದೂರ ಎಷ್ಟು ಬೇಗ ಕಡಿಮೆಯಾಗುತ್ತಿದೆ ಎಂಬುದರಿಂದ ವೇಗ. ಇಷ್ಟೂ ಮುಗಿಯಲು ಅರ್ಧ ಸೆಕೆಂಡ್ ಕೂಡ ಬೇಡ. ಎಂಬತ್ತರಲ್ಲಿ ಬರುವ ಕಾರು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಅಂದರೆ ಅಳತೆ ಮುಗಿಯುವಷ್ಟರಲ್ಲಿ ಕಾರು ಮೂರು ಕಾರುದ್ದ ಕೂಡ ಮುಂದೆ ಬಂದಿರುವುದಿಲ್ಲ. ಗನ್ ಕಂಡ ಮೇಲೆ ಬ್ರೇಕ್ ಒತ್ತಿದರೆ ಉಪಯೋಗವಿಲ್ಲ ಎನ್ನುವುದು ಇದಕ್ಕೇ. ಗನ್ ನಿಮಗೆ ಕಾಣುವ ಹೊತ್ತಿಗೆ ನೀವು ಅದಕ್ಕೆ ಕಂಡು ಆಗಿರುತ್ತದೆ.

ಲೇಸರ್ ಕಿರಣ ದೂರ ಹೋದಷ್ಟೂ ಅಗಲವಾಗುತ್ತದೆ. ಸಾಮಾನ್ಯ ಗನ್ನಿನ ಕಿರಣ 300 ಮೀಟರ್ ದೂರದಲ್ಲಿ ಸುಮಾರು ಒಂದು ಮೀಟರ್ ಅಗಲ, ಒಂದು ಕಿಲೋಮೀಟರ್ ದೂರದಲ್ಲಿ ಸುಮಾರು ಮೂರು ಮೀಟರ್. ಹತ್ತಿರದ ಅಳತೆಯಲ್ಲಿ ಯಾವ ಗಾಡಿ ಎಂಬ ಗೊಂದಲವಿಲ್ಲ. ತೀರಾ ದೂರದಿಂದ ತೆಗೆದರೆ ಕಾರಿನ ಪಕ್ಕದಲ್ಲೇ ಬರುತ್ತಿದ್ದ ಬೈಕಿಗೂ ಕಿರಣ ತಾಗಬಹುದು. ಚಲನ್ ಫೋಟೊದಲ್ಲಿ ಗುರಿಯ ಗೆರೆ ಯಾವ ಗಾಡಿಯ ಮೇಲಿದೆ, ದೂರ ಎಷ್ಟು ಬರೆದಿದೆ ಎಂದು ಮೊದಲು ನೋಡಬೇಕು ಅನ್ನುವುದು ಈ ಕಾರಣಕ್ಕೆ. ಇನ್ನೊಂದು ದೋಷ ಕೈ ಅಲುಗುವುದರಿಂದ ಬರುತ್ತದೆ. ಕಿರಣ ಹೆಡ್‌ಲೈಟಿನಿಂದ ಜಾರಿ ಮುಂದಿನ ಗಾಜಿಗೆ ಹೋದರೆ ದೂರದಲ್ಲಿ ಒಂದೂವರೆ ಮೀಟರ್ ವ್ಯತ್ಯಾಸ ಸುಮ್ಮನೆ ಸೇರಿಕೊಳ್ಳುತ್ತದೆ. ಮಿಡಿತಗಳ ಲೆಕ್ಕ ಒಂದಕ್ಕೊಂದು ತಾಳೆಯಾಗದಿದ್ದರೆ ಒಳ್ಳೆಯ ಗನ್ ವೇಗ ತೋರಿಸುವುದಿಲ್ಲ, ದೋಷದ ಸಂಕೇತ ತೋರಿಸಿ ಸುಮ್ಮನಾಗುತ್ತದೆ. ಸ್ಟ್ಯಾಂಡ್ ಇಲ್ಲದೆ ಕೈಯಲ್ಲೇ ಹಿಡಿದು ತೆಗೆದ ಅಳತೆಗಿಂತ ಸ್ಟ್ಯಾಂಡ್ ಮೇಲಿನ ಅಳತೆಗೆ ಹೆಚ್ಚು ತೂಕ ಕೊಡಬೇಕಾದದ್ದು ಹೀಗಾಗಿ.

ಕಂಬಕ್ಕೆ ಕಟ್ಟುವ ಯಂತ್ರಗಳಲ್ಲಿ ಹಲವು ರಾಡಾರ್ ತರಹದವು. ರೈಲು ಹತ್ತಿರ ಬರುವಾಗ ಸೀಟಿ ತೀಕ್ಷ್ಣವಾಗಿ, ದಾಟಿ ಹೋದ ಮೇಲೆ ದಪ್ಪಗೆ ಕೇಳುತ್ತದಲ್ಲ, ತತ್ವ ಅದೇ. 24 ಗಿಗಾಹರ್ಟ್ಜ್ ತರಂಗ ಗಾಡಿಗೆ ಬಡಿದು ಮರಳುವಾಗ, ಗಂಟೆಗೆ ಒಂದು ಕಿ.ಮೀ. ವೇಗಕ್ಕೆ ಸುಮಾರು 44 ಹರ್ಟ್ಜ್‌ನಷ್ಟು ಬದಲಾಗುತ್ತದೆ. ಯಂತ್ರವನ್ನು ರಸ್ತೆಗೆ ನೇರವಾಗಿ ಇಡಲು ಬರುವುದಿಲ್ಲ, ಓರೆಯಾಗಿ ಇಡಬೇಕು. ಓರೆಯಾದಷ್ಟೂ ತೋರಿಸುವ ವೇಗ ನಿಜಕ್ಕಿಂತ ಕಡಿಮೆ. ಹತ್ತು ಡಿಗ್ರಿ ಓರೆಯಿದ್ದರೆ ಶೇ. 1.5ರಷ್ಟು, ಇಪ್ಪತ್ತು ಡಿಗ್ರಿಯಾದರೆ ಶೇ. 6ರಷ್ಟು ಕಡಿಮೆ. ಕೋನದ ಲೆಕ್ಕ ತಿದ್ದದೆ ಬಿಟ್ಟ ಯಂತ್ರದ ಮುಂದೆ ಎಂಬತ್ತರಲ್ಲಿ ಹೋದರೆ ಅದು ಎಪ್ಪತ್ತೈದು ಅನ್ನುತ್ತದೆ. ಈ ತಪ್ಪು ಚಾಲಕನ ಕಡೆಗೇ ವಾಲುವ ತಪ್ಪು. ಆದರೆ ಯಂತ್ರಕ್ಕೆ ಇಪ್ಪತ್ತು ಡಿಗ್ರಿ ಎಂದು ಹೇಳಿ ಕೂರಿಸಿದ ಮೇಲೆ ಗಾಳಿಗೋ, ಕಂಬಕ್ಕೆ ಲಾರಿ ತಾಗಿದ್ದಕ್ಕೋ ಅದು ತಿರುಗಿ ಹತ್ತಕ್ಕೆ ಬಂದರೆ ಲೆಕ್ಕ ಉಲ್ಟಾ ಹೊಡೆಯುತ್ತದೆ, ವೇಗ ಹೆಚ್ಚು ಬರುತ್ತದೆ. ಪ್ರತಿ ವರ್ಷ ಯಂತ್ರವನ್ನು ಪರೀಕ್ಷಿಸಿ ಪ್ರಮಾಣಪತ್ರ ನವೀಕರಿಸಬೇಕು ಎಂದು ಕಾನೂನು ಹೇಳುವುದರ ಹಿಂದೆ ಇಂಥ ಕಾರಣಗಳಿವೆ.

ಮೂರನೆಯದು ಸರಾಸರಿ ವೇಗದ ಕ್ಯಾಮೆರಾ. ಎರಡು ಕಡೆ ನಂಬರ್ ಪ್ಲೇಟ್ ಓದುವ ಕ್ಯಾಮೆರಾ ಇಟ್ಟು, ನಡುವಿನ ದೂರವನ್ನು ಹಿಡಿದ ಸಮಯದಿಂದ ಭಾಗಿಸುವುದು. ಹತ್ತು ಕಿ.ಮೀ. ಅಂತರ, ಮಿತಿ ನೂರು ಎಂದಿಟ್ಟುಕೊಳ್ಳಿ. ಆರು ನಿಮಿಷಕ್ಕಿಂತ ಬೇಗ ತಲುಪಿದವರೆಲ್ಲ ಮಿತಿ ಮೀರಿದವರೇ. ಐದು ನಿಮಿಷಕ್ಕೆ ಬಂದವರ ಸರಾಸರಿ 120. ಇಲ್ಲಿ ಎರಡೂ ಕ್ಯಾಮೆರಾದ ಗಡಿಯಾರ ಒಂದೇ ಸಮಯ ತೋರಿಸಬೇಕು. ಐದು ಸೆಕೆಂಡ್ ಹೆಚ್ಚುಕಡಿಮೆಯಾದರೆ ಹತ್ತು ಕಿ.ಮೀ.ಯಲ್ಲಿ ಶೇ. 1.4ರಷ್ಟು ತಪ್ಪು, ಅಷ್ಟೇನಲ್ಲ. ಅಂತರ ಒಂದೇ ಕಿ.ಮೀ. ಇದ್ದರೆ ಅದೇ ಐದು ಸೆಕೆಂಡ್ ಶೇ. 14ರಷ್ಟು ತಪ್ಪಾಗಿ ಕೂರುತ್ತದೆ. ಹೀಗಾಗಿ ಇದು ಊರೊಳಗಿನ ರಸ್ತೆಗೆ ಹೇಳಿದ್ದಲ್ಲ, ನಡುವೆ ಹೋಟೆಲು, ಪೆಟ್ರೋಲ್ ಬಂಕು ಕಡಿಮೆಯಿರುವ ಉದ್ದನೆಯ ಹೆದ್ದಾರಿಗೆ ಹೇಳಿದ್ದು.

ಗಾಡಿಯ ಮೀಟರಿನ ಬಗ್ಗೆ ಒಂದು ಮಾತು. ಕಂಪನಿಯಿಂದ ಬಂದ ಮೀಟರ್ ನಿಜವಾದ ವೇಗಕ್ಕಿಂತ ತುಸು ಹೆಚ್ಚೇ ತೋರಿಸುತ್ತದೆ, ಹಾಗೇ ಮಾಡಿರುತ್ತಾರೆ. ಮೀಟರ್ ನೋಡಿ ಮಿತಿಯೊಳಗೆ ಓಡಿಸಿದವರಿಗೆ ಚಲನ್ ಬರುವ ಸಂಭವ ಕಡಿಮೆ. ಆದರೆ ಕಂಪನಿ ಕೊಟ್ಟ ಅಳತೆ ಬಿಟ್ಟು ದೊಡ್ಡ ಟೈರ್ ಹಾಕಿಸಿದ್ದರೆ ಈ ರಕ್ಷೆ ಹೋಗುತ್ತದೆ. ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಮೀಟರಿಗೆ ಅದು ಗೊತ್ತಾಗುವುದಿಲ್ಲ. ಫೋನಿನ ಮ್ಯಾಪ್ ತೋರಿಸುವ ವೇಗದ ಜೊತೆ ನೆಟ್ಟನೆ ರಸ್ತೆಯಲ್ಲಿ ಒಂದು ನಿಮಿಷ ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಫೋನ್ ನೋಡುವ ಕೆಲಸ ಪಕ್ಕದಲ್ಲಿ ಕೂತವರದು.

ಮಿತಿ ಎಷ್ಟು, ದಂಡ ಎಷ್ಟು

ಕೇಂದ್ರ ಸಾರಿಗೆ ಸಚಿವಾಲಯ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ ಅಧಿಸೂಚನೆಯಲ್ಲಿ, ನಡುವೆ ಡಿವೈಡರ್ ಇರುವ ನಾಲ್ಕು ಪಥದ ರಸ್ತೆಗೆ ಕಾರಿಗೆ 100, ಬಸ್ಸಿಗೆ 90, ಲಾರಿಗೆ 80, ಬೈಕಿಗೆ 80 ಎಂದಿದೆ. ಉಳಿದ ರಸ್ತೆಗಳಲ್ಲಿ ಕಾರಿಗೆ 70, ಬಸ್ಸು, ಲಾರಿ, ಬೈಕಿಗೆ 60. ಆಟೊಗೆ ಎಲ್ಲ ಕಡೆ 50. ರಸ್ತೆ ಬದಿಯ ಫಲಕದಲ್ಲಿ ಇದಕ್ಕಿಂತ ಕಡಿಮೆ ಬರೆದಿದ್ದರೆ ಫಲಕದ ಮಾತೇ ಕೊನೆ. ಹೊಸಪೇಟೆಯಿಂದ ಕುಷ್ಟಗಿ ಕಡೆಗೆ ಹೋಗುವ ಎನ್‌ಎಚ್ 50 ನಾಲ್ಕು ಪಥದ್ದು. ಬಳ್ಳಾರಿಯಿಂದ ಸಿರುಗುಪ್ಪ, ಸಿಂಧನೂರು, ಮಸ್ಕಿ, ಲಿಂಗಸುಗೂರಿಗೆ ಹೋಗುವ 150ಎ ಕೂಡ ರಾಷ್ಟ್ರೀಯ ಹೆದ್ದಾರಿಯೇ. ಹೆದ್ದಾರಿ ಎಂಬ ಹೆಸರು ನೋಡಿ ಎಲ್ಲ ಕಡೆ ನೂರು ಎಂದುಕೊಳ್ಳುವುದು ತಪ್ಪು. ಡಿವೈಡರ್ ಮುಗಿದ ಕಡೆ ನೂರೂ ಮುಗಿಯಿತು.

ದಂಡ ಕರ್ನಾಟಕದಲ್ಲಿ ಬೈಕು, ಆಟೊ, ಕಾರಿಗೆ 1,000 ರೂಪಾಯಿ, ಲಾರಿ, ಬಸ್ಸಿನಂಥ ದೊಡ್ಡ ಗಾಡಿಗೆ 2,000. 2019ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಪರಿಷ್ಕರಿಸಿದ ಪಟ್ಟಿ ಇದು. ಮೋಟಾರು ವಾಹನ ಕಾಯ್ದೆಯ 183ನೇ ಸೆಕ್ಷನ್. ಎರಡನೇ ಸಲ ಸಿಕ್ಕಿಬಿದ್ದರೆ ಲೈಸೆನ್ಸ್ ವಶಪಡಿಸಿಕೊಳ್ಳುವ ಅಧಿಕಾರವೂ ಇದರಲ್ಲಿದೆ. 2024ರ ಆಗಸ್ಟ್ 1ರಿಂದ ರಾಜ್ಯದ ಯಾವ ರಸ್ತೆಯಲ್ಲಾದರೂ 130 ಮೀರಿದರೆ ಎಫ್‌ಐಆರ್ ಎಂದು ರಾಜ್ಯ ಪೊಲೀಸರು ಹೇಳಿದ್ದಾರೆ. ಅಲ್ಲಿಂದಾಚೆ ಅದು ಸಾವಿರ ರೂಪಾಯಿಯ ಮಾತಲ್ಲ, ಕೋರ್ಟಿನ ಮಾತು.

ಪ್ಲೇಟ್ ಮೇಲಿನ ಧೂಳು

ಇದು ನಮ್ಮ ಭಾಗಕ್ಕೇ ವಿಶೇಷವಾದ ಸಮಸ್ಯೆ. ಸಂಡೂರು, ತೋರಣಗಲ್ಲು ಕಡೆ ಓಡುವ ಗಾಡಿಯ ಹಿಂದಿನ ಪ್ಲೇಟನ್ನು ಒಮ್ಮೆ ಹತ್ತಿರದಿಂದ ನೋಡಿ. ಅದಿರಿನ ಕೆಂಪು ಧೂಳು ಅಕ್ಷರದ ಉಬ್ಬಿನ ಕೆಳಭಾಗದಲ್ಲಿ ಕೂತಿರುತ್ತದೆ. ಒಂದು ಮಳೆ ಹನಿ ಬಿದ್ದರೆ ಒಣಗಿ ಗಾರೆಯಂತೆ ಗಟ್ಟಿಯಾಗುತ್ತದೆ. 8 ಇದ್ದದ್ದು 3ರಂತೆ, 6 ಇದ್ದದ್ದು 5ರಂತೆ ಕಾಣುತ್ತದೆ. ರಾಯಚೂರು, ಗಂಗಾವತಿ ಕಡೆ ಭತ್ತದ ಗದ್ದೆಯಿಂದ ಬರುವ ಗಾಡಿಗಳಿಗೆ ಇದೇ ಕೆಲಸವನ್ನು ಎರೆಮಣ್ಣು ಮಾಡುತ್ತದೆ. ಮನುಷ್ಯನ ಕಣ್ಣು ಊಹಿಸಿ ಓದುತ್ತದೆ, ಕ್ಯಾಮೆರಾದ ತಂತ್ರಾಂಶವೂ ಊಹಿಸುತ್ತದೆ. ಆದರೆ ಅದು ತಪ್ಪು ಊಹಿಸಿದರೆ ದಂಡ ಹೋಗುವುದು ಇನ್ಯಾರದೋ ಕೆಎ 34 ಅಥವಾ ಕೆಎ 36 ಗಾಡಿಗೆ. ಮಾಡದ ತಪ್ಪಿಗೆ ಚಲನ್ ಬಂತು ಎನ್ನುವವರು ಮೊದಲು ನೋಡಬೇಕಾದದ್ದು ಫೋಟೊದಲ್ಲಿನ ಗಾಡಿ ತಮ್ಮದೇ ಮಾದರಿ, ತಮ್ಮದೇ ಬಣ್ಣದ್ದೇ ಎಂದು.

2019ರ ಏಪ್ರಿಲ್ 1ರ ನಂತರದ ಗಾಡಿಗಳಿಗೆ ಹೆಚ್ಚು ಭದ್ರತೆಯ ಪ್ಲೇಟ್ (ಎಚ್‌ಎಸ್‌ಆರ್‌ಪಿ) ಕಂಪನಿಯಿಂದಲೇ ಬಂದಿರುತ್ತದೆ. ಎಲ್ಲದರಲ್ಲೂ ಒಂದೇ ಅಕ್ಷರ ಮಾದರಿ, ಬೆಳಕು ಬಿದ್ದರೆ ಹೊಳೆಯುವ ಹಾಳೆ. ಕ್ಯಾಮೆರಾಕ್ಕೆ ರಾತ್ರಿಯಲ್ಲೂ ಸಲೀಸು. ಹಳೆ ಗಾಡಿಗಳಿಗೂ ಹಾಕಿಸಬೇಕೆಂದು ರಾಜ್ಯದಲ್ಲಿ 2023ರಿಂದ ಆದೇಶವಿದೆ. ನಿಯಮದಂತೆ ಕಾರು, ಲಾರಿಯ ಅಕ್ಷರದ ಎತ್ತರ 65 ಮಿ.ಮೀ., ದಪ್ಪ 10, ನಡುವಿನ ಜಾಗ 10. ಸ್ಟಿಕರ್ ಅಂಗಡಿಯಲ್ಲಿ ಅಂದಕ್ಕೆ ಬರೆಸಿದ ಓರೆ ಅಕ್ಷರ, ಪ್ಲೇಟ್ ಮೇಲಿನ ದೇವರ ಹೆಸರು, ಜಾತಿ ಸಂಘದ ಹೆಸರು ಎಲ್ಲವೂ ಓದುವ ಯಂತ್ರಕ್ಕೆ ಅಡ್ಡಿ, ಜೊತೆಗೆ ಬೇರೆ ದಂಡಕ್ಕೂ ದಾರಿ. ಬೈಕಿನ ಪ್ಲೇಟನ್ನು ಮೇಲಕ್ಕೆ ಮಡಚಿಕೊಂಡು ಓಡಾಡುವ ಹುಡುಗರು ಒಂದು ಮಾತು ಯೋಚಿಸಲಿ: ಅಪಘಾತ ಮಾಡಿ ಓಡಿಹೋದ ಗಾಡಿಯನ್ನು ಹಿಡಿಯುವುದೂ ಇದೇ ಕ್ಯಾಮೆರಾ. ನಾಳೆ ತಮಗೇ ಯಾರಾದರೂ ಗುದ್ದಿ ಹೋದರೆ ಆ ಗಾಡಿಯ ಪ್ಲೇಟ್ ನೆಟ್ಟಗಿರಲಿ ಎಂದೇ ಬಯಸುತ್ತಾರೆ.

ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಎರಡೂ ಪ್ಲೇಟ್ ಒರೆಸಿದರೆ ಸಾಕು. ತಂತಿಯ ಬ್ರಷ್ ಹಾಕಿ ಉಜ್ಜಬಾರದು, ಹೊಳಪಿನ ಹಾಳೆ ಕಿತ್ತು ಬರುತ್ತದೆ.

ನೋಟಿಸ್: ಸೇವೆ ಎಡವುವ ಜಾಗ

ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಆಗಸ್ಟ್‌ನಲ್ಲಿ 167ಎ ಎಂಬ ನಿಯಮ ಸೇರಿತು. ಓದಿದರೆ ಚೊಕ್ಕ ನಿಯಮ. ಯಂತ್ರಕ್ಕೆ ರಾಜ್ಯ ಸರ್ಕಾರ ಗೊತ್ತುಪಡಿಸಿದ ಅಧಿಕಾರಿಯ ಪ್ರಮಾಣಪತ್ರ ಬೇಕು. ಕ್ಯಾಮೆರಾ ಇರುವ ಜಾಗಕ್ಕೆ ಮೊದಲೇ ಕಾಣುವಂತೆ ಎಚ್ಚರಿಕೆ ಫಲಕ ಇರಬೇಕು. ತಪ್ಪಾದ ದಿನದಿಂದ ಹದಿನೈದು ದಿನದೊಳಗೆ ನೋಟಿಸ್ ಕಳಿಸಬೇಕು. ನೋಟಿಸ್‌ನಲ್ಲಿ ಗಾಡಿ ಮತ್ತು ಪ್ಲೇಟ್ ಸ್ಪಷ್ಟವಾಗಿ ಕಾಣುವ ಫೋಟೊ, ಯಂತ್ರ ಅಳೆದ ವೇಗ, ದಿನಾಂಕ, ಸಮಯ, ಸ್ಥಳ, ಯಾವ ಸೆಕ್ಷನ್ ಉಲ್ಲಂಘನೆ ಎಂಬುದು, ವಿದ್ಯುನ್ಮಾನ ಸಾಕ್ಷ್ಯದ ಪ್ರಮಾಣಪತ್ರ ಇರಬೇಕು. ಚಲನ್ ಇತ್ಯರ್ಥವಾಗುವವರೆಗೆ ದಾಖಲೆ ಕಾಪಾಡಬೇಕು.

ಹಾಗಾದರೆ ಎಡವುವುದೆಲ್ಲಿ? ಹೆಚ್ಚಿನ ಸಲ ಆರ್‌ಸಿಯಲ್ಲಿನ ಮೊಬೈಲ್ ನಂಬರ್‌ನಲ್ಲಿ. ಗಾಡಿ ಕೊಂಡ ದಿನ ಶೋರೂಮಿನ ಹುಡುಗ ತನ್ನ ನಂಬರ್ ಹಾಕಿರುತ್ತಾನೆ, ಇಲ್ಲವೇ ಆರ್‌ಟಿಒ ಹೊರಗಿನ ಏಜೆಂಟ್ ತನ್ನ ನಂಬರ್ ಹಾಕಿರುತ್ತಾನೆ. ಮಾಲೀಕರು ಆಮೇಲೆ ಎರಡು ಸಲ ಸಿಮ್ ಬದಲಿಸಿರುತ್ತಾರೆ. ಸಂದೇಶ ಹೋಗುತ್ತದೆ, ಆದರೆ ಬೇರೆಯವರಿಗೆ. ಇದು ಇಲಾಖೆಯ ತಪ್ಪೋ ಮಾಲೀಕರ ತಪ್ಪೋ ಎಂದು ವಾದಿಸುವ ಬದಲು ಇವತ್ತೇ ಸರಿಪಡಿಸಬಹುದು. ಕೇಂದ್ರ ಸಾರಿಗೆ ಸಚಿವಾಲಯದ ಪರಿವಾಹನ್ ತಾಣದ ವಾಹನ ವಿಭಾಗದಲ್ಲಿ ಮೊಬೈಲ್ ನಂಬರ್ ಬದಲಾವಣೆಯ ಸೇವೆ ಇದೆ. ಗಾಡಿ ನಂಬರ್, ಚಾಸಿ ಮತ್ತು ಎಂಜಿನ್ ಸಂಖ್ಯೆ, ನೋಂದಣಿ ದಿನಾಂಕ, ಆರ್‌ಸಿ ಎಲ್ಲಿಯವರೆಗೆ ಊರ್ಜಿತ ಎಂಬುದು ಕೈಯಲ್ಲಿರಲಿ, ಎಲ್ಲವೂ ಆರ್‌ಸಿ ಕಾರ್ಡಿನಲ್ಲೇ ಇದೆ. ಆರ್‌ಸಿಯಲ್ಲಿನ ಹೆಸರಿಗೂ ಆಧಾರ್ ಹೆಸರಿಗೂ ಅಕ್ಷರ ವ್ಯತ್ಯಾಸವಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆಗ ಆರ್‌ಟಿಒ ಕಚೇರಿಗೇ ಹೋಗಬೇಕು: ಬಳ್ಳಾರಿ, ಹೊಸಪೇಟೆ, ರಾಯಚೂರು, ಕೊಪ್ಪಳ, ನಿಮ್ಮ ಗಾಡಿ ಯಾವ ಕಚೇರಿಯದೋ ಅಲ್ಲಿಗೆ.

ಎರಡನೇ ಎಡವು ಮಾರಿದ ಗಾಡಿಯದು. ನೂರು ರೂಪಾಯಿ ಬಾಂಡ್ ಪೇಪರ್ ಮೇಲೆ ಬರೆಸಿ, ಕೀಲಿ ಕೊಟ್ಟು, ದುಡ್ಡು ಎಣಿಸಿಕೊಂಡರೆ ಮಾರಾಟ ಮುಗಿಯಿತು ಎಂದು ಹಳ್ಳಿಗಳಲ್ಲಿ ಇನ್ನೂ ನಂಬಿದ್ದಾರೆ. ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ ಮಾರಿದವರು ರಾಜ್ಯದೊಳಗಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಫಾರಂ 29 ಮತ್ತು 30 ಸಲ್ಲಿಸಿ ಹೆಸರು ಬದಲಾಗುವವರೆಗೆ ಎಲ್ಲ ನೋಟಿಸೂ ಹಳೆ ಮಾಲೀಕರಿಗೇ. ಅಪಘಾತ ಪರಿಹಾರದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ, ನೋಂದಣಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಎಂದು ಖಚಿತವಾಗಿ ಹೇಳಿದೆ. ಸಾವಿರ ರೂಪಾಯಿ ಚಲನ್ ಬಂದರೆ ಸಹಿಸಬಹುದು. ಮಾರಿದ ಗಾಡಿ ಆದೋನಿ ರಸ್ತೆಯಲ್ಲಿ ಯಾರಿಗಾದರೂ ಗುದ್ದಿದರೆ ಪರಿಹಾರದ ನೋಟಿಸೂ ಅದೇ ವಿಳಾಸಕ್ಕೆ ಬರುತ್ತದೆ.

ನೋಡುವುದು, ಕಟ್ಟುವುದು

ಪರಿವಾಹನ್ ಇ-ಚಲನ್ ತಾಣದಲ್ಲಿ ಗಾಡಿ ನಂಬರ್ ಜೊತೆ ಚಾಸಿ ಅಥವಾ ಎಂಜಿನ್ ಸಂಖ್ಯೆಯ ಕೊನೆಯ ಐದು ಅಂಕಿ ಕೊಡಬೇಕು. ಇಲ್ಲವೇ ಚಲನ್ ನಂಬರ್, ಲೈಸೆನ್ಸ್ ನಂಬರ್ ಕೊಟ್ಟೂ ಹುಡುಕಬಹುದು. ಮೊಬೈಲಿಗೆ ಬರುವ ಒಟಿಪಿ ಹಾಕಿದ ಮೇಲೆ ಬಾಕಿ ಪಟ್ಟಿ ಬರುತ್ತದೆ. ಹಳೆ ಗಾಡಿಗಳ ಚಾಸಿ ಸಂಖ್ಯೆಯಲ್ಲಿ ಸೊನ್ನೆಗೂ ‘ಒ’ ಅಕ್ಷರಕ್ಕೂ ಗೊಂದಲವಾಗಿ ಮಾಹಿತಿ ಇಲ್ಲ ಎಂದು ಬರುವುದುಂಟು. ಆಗ ಎಂಜಿನ್ ಸಂಖ್ಯೆ ಹಾಕಿ ನೋಡಿ. ಪರಿವಾಹನ್‌ನಲ್ಲಿ ಏನೂ ಇಲ್ಲ ಎಂದ ಮಾತ್ರಕ್ಕೆ ನಿರಾಳವಾಗಬೇಡಿ, ಪೊಲೀಸರು ಹಾಕಿದ ಕೇಸ್ ರಾಜ್ಯ ಸರ್ಕಾರದ ನಾಗರಿಕ ಸೇವಾ ತಾಣ ಕರ್ನಾಟಕ ಒನ್‌ನಲ್ಲಿ ಕಾಣಬಹುದು. ಎರಡೂ ಕಡೆ ನೋಡಿದರೇ ಪೂರ್ತಿ ಲೆಕ್ಕ ಸಿಗುವುದು. ಮೊಬೈಲ್ ಬಳಕೆ ಕಷ್ಟವಾದವರು ಕರ್ನಾಟಕ ಒನ್ ಕೇಂದ್ರಕ್ಕೋ ಸಂಚಾರ ಠಾಣೆಗೋ ಹೋಗಿ ಗಾಡಿ ನಂಬರ್ ಹೇಳಿದರೆ ಸಾಕು.

ಗಡಿ ಜಿಲ್ಲೆಯವರಿಗೆ ಇನ್ನೊಂದು ಕೆಲಸ ಹೆಚ್ಚು. ರಾಯಚೂರಿನವರಿಗೆ ಹೈದರಾಬಾದ್, ಬಳ್ಳಾರಿಯವರಿಗೆ ಗುಂತಕಲ್ಲು, ಅನಂತಪುರ ಮನೆ ಬಾಗಿಲಿದ್ದ ಹಾಗೆ. ತೆಲಂಗಾಣ ಪೊಲೀಸರು ತಮ್ಮದೇ ಇ-ಚಲನ್ ತಾಣ ಇಟ್ಟುಕೊಂಡಿದ್ದಾರೆ. ಶಕ್ತಿನಗರದ ಬಳಿ ಕೃಷ್ಣಾ ಸೇತುವೆ ದಾಟಿ ಹೋಗಿ ಬಂದವರು ಅಲ್ಲಿ ಪ್ರತ್ಯೇಕವಾಗಿ ನಂಬರ್ ಹಾಕಿ ನೋಡಬೇಕು. ಮದುವೆ ಸೀರೆ ಖರೀದಿಗೆ ಹೋಗಿ ಬಂದವರು ಇದನ್ನು ಮರೆತರೆ, ಮುಂದಿನ ಸಲ ಅಲ್ಲಿ ತಪಾಸಣೆಗೆ ನಿಲ್ಲಿಸಿದಾಗ ಹಳೆ ಬಾಕಿಯೆಲ್ಲ ಒಟ್ಟಿಗೆ ಎದುರಾಗುತ್ತದೆ.

ವಾಟ್ಸಾಪ್‌ನಲ್ಲಿ ಬರುವ ಚಲನ್ ಬಗ್ಗೆ ಗಟ್ಟಿಯಾಗಿ ಹೇಳಬೇಕು. ನಿಮ್ಮ ಗಾಡಿಗೆ ದಂಡ ಬಿದ್ದಿದೆ, ಫೋಟೊ ನೋಡಲು ಈ ಫೈಲ್ ಒತ್ತಿ ಎಂದು ಎಪಿಕೆ ಫೈಲ್ ಕಳಿಸುತ್ತಾರೆ. ಅದು ಫೋಟೊ ಅಲ್ಲ, ಆ್ಯಪ್. ಒತ್ತಿ ಅನುಮತಿ ಕೊಟ್ಟರೆ ನಿಮ್ಮ ಎಸ್‌ಎಂಎಸ್ ಅವರಿಗೆ ಕಾಣುತ್ತದೆ, ಬ್ಯಾಂಕಿನ ಒಟಿಪಿಯೂ ಕಾಣುತ್ತದೆ. ಸರ್ಕಾರ ಚಲನ್ ಅನ್ನು ಎಪಿಕೆ ರೂಪದಲ್ಲಿ ಕಳಿಸುವುದಿಲ್ಲ. ಸಂದೇಶದ ಲಿಂಕ್ ಒತ್ತದೆ ನೀವೇ ಪರಿವಾಹನ್ ತಾಣಕ್ಕೆ ಹೋಗಿ ನೋಡಿ. ಒತ್ತಿಬಿಟ್ಟಿದ್ದರೆ ತಕ್ಷಣ ಇಂಟರ್‌ನೆಟ್ ಆಫ್ ಮಾಡಿ, ಬ್ಯಾಂಕಿಗೆ ಹೇಳಿ ಖಾತೆ ತಡೆಸಿ, ಇನ್ನೊಂದು ಫೋನಿನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ತಕರಾರಿಗೆ ಒಂದೂವರೆ ಅಂಕ ಯಾಕೆ ಎಂದರೆ, ದಾರಿ ಇದೆ, ದಾರಿಯಲ್ಲಿ ದೀಪವಿಲ್ಲ. ಪರಿವಾಹನ್‌ನಲ್ಲಿ ದೂರಿನ ವಿಭಾಗವಿದೆ, ಚಲನ್ ನಂಬರ್ ಹಾಕಿ ಚಿತ್ರ ಲಗತ್ತಿಸಬಹುದು. ಸಂಚಾರ ಠಾಣೆಗೆ ಅರ್ಜಿ ಕೊಡಬಹುದು. ಕಟ್ಟದೆ ಬಿಟ್ಟದ್ದು ಕೋರ್ಟಿಗೆ ಹೋದರೆ ಅಲ್ಲಿ ವಾದಿಸಬಹುದು. ಆದರೆ ಸಾವಿರ ರೂಪಾಯಿಗೆ ಕೂಲಿ ಬಿಟ್ಟು ಮೂರು ದಿನ ಓಡಾಡುವವರು ಯಾರು? ಲಿಂಗಸುಗೂರಿನ ಬೈಕ್ ಸವಾರ, ತಾನು ಹೋಗಿಯೇ ಇರದ ಊರಿನ ಚಲನ್‌ಗೆ ಆ ಊರಿಗೇ ಹೋಗಬೇಕಾಗಿ ಬಂದರೆ ಅದು ನ್ಯಾಯವಲ್ಲ. ಆದರೂ ತಪ್ಪು ಚಲನ್ ಬಂದವರು ಕಟ್ಟಿ ಕೈ ತೊಳೆದುಕೊಳ್ಳಬಾರದು. ಕಟ್ಟಿದರೆ ತಪ್ಪು ಒಪ್ಪಿದಂತೆ, ಲೈಸೆನ್ಸಿನ ಲೆಕ್ಕಕ್ಕೆ ಅದು ಮೊದಲ ತಪ್ಪಾಗಿ ಕೂರುತ್ತದೆ. ಅರ್ಜಿಯನ್ನು ಒಂದೇ ಪುಟದಲ್ಲಿ ಬರೆಯಿರಿ. ಚಲನ್ ನಂಬರ್, ದಿನಾಂಕ, ಸಮಯ ಮೇಲೆ. ಫೋಟೊದಲ್ಲಿನ ಗಾಡಿಗೂ ನಿಮ್ಮ ಗಾಡಿಗೂ ಇರುವ ವ್ಯತ್ಯಾಸ ಕೆಳಗೆ. ಆ ಹೊತ್ತಿಗೆ ನಿಮ್ಮ ಗಾಡಿ ಎಲ್ಲಿತ್ತು ಎಂಬುದಕ್ಕೆ ಫಾಸ್ಟ್ಯಾಗ್ ಸಂದೇಶ, ಪೆಟ್ರೋಲ್ ಬಂಕ್ ರಸೀದಿ, ಗ್ಯಾರೇಜ್ ಬಿಲ್, ಯಾವುದಿದ್ದರೂ ಲಗತ್ತಿಸಿ. ಯಂತ್ರದ ವಾರ್ಷಿಕ ಪ್ರಮಾಣಪತ್ರದ ಪ್ರತಿ ಕೇಳಿ. ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಠಾಣೆಯಿಂದ ಹೊರಡಬೇಡಿ.

ಚಾಲಕರು ಇದಕ್ಕೆ ಹೇಗೆ ಒಗ್ಗಿಕೊಂಡಿದ್ದಾರೆ

ಕ್ಯಾಮೆರಾ ಕಂಡಾಗ ಬ್ರೇಕ್, ದಾಟಿದ ಮೇಲೆ ಓಟ ಎಂಬುದು ಜಗತ್ತಿನೆಲ್ಲೆಡೆ ಇರುವ ಅಭ್ಯಾಸ. ನಮ್ಮಲ್ಲಿ ಇದರ ಅಪಾಯ ಹೆಚ್ಚು, ಯಾಕೆಂದರೆ ಹಿಂದೆ ಬರುವುದು ತುಂಬಿದ ಲಾರಿ. ಲೆಕ್ಕ ಹೀಗಿದೆ. ಎಂಬತ್ತರಲ್ಲಿ ಹೋಗುವ ಕಾರಿನ ಚಾಲಕ ಅಡ್ಡ ಬಂದ ಎಮ್ಮೆ ಕಂಡು ಬ್ರೇಕ್ ಒತ್ತುವ ಒಂದೂವರೆ ಸೆಕೆಂಡಿನಲ್ಲಿ ಕಾರು 33 ಮೀಟರ್ ಹೋಗಿರುತ್ತದೆ, ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ 35 ಮೀಟರ್ ಬೇಕು. ಒಟ್ಟು 68. ನೂರರಲ್ಲಿ ಅದೇ 97, ನೂರಹತ್ತರಲ್ಲಿ 113. ತುಂಬಿದ ಲಾರಿ ಅಷ್ಟು ಬೇಗ ನಿಲ್ಲುವುದಿಲ್ಲ, ಎಂಬತ್ತರಲ್ಲೇ ಎಂಬತ್ತು ಮೀಟರಿಗಿಂತ ಹೆಚ್ಚು ಬೇಕು. ಮುಂದಿನ ಕಾರು ಕ್ಯಾಮೆರಾ ಕಂಡು ಗಕ್ಕನೆ ಬ್ರೇಕ್ ಹಾಕಿದರೆ ಹಿಂದಿನ ಲಾರಿಯವನಿಗೆ ಜಾಗ ಸಾಲುವುದಿಲ್ಲ. ದಂಡ ತಪ್ಪಿಸಿಕೊಳ್ಳಲು ಹೋಗಿ ಜೀವಕ್ಕೆ ತಂದುಕೊಳ್ಳುವ ಕೆಲಸ ಇದು. ಕ್ಯಾಮೆರಾ ಕಂಡರೂ ಬ್ರೇಕ್ ಒತ್ತದೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸಾಕು. ವೇಗವಾಗಿ ಹೋಗಿ ಉಳಿಸುವುದಾದರೂ ಎಷ್ಟು? ಅರವತ್ತು ಕಿ.ಮೀ. ದಾರಿಯನ್ನು ಎಂಬತ್ತರಲ್ಲಿ ಹೋದರೆ 45 ನಿಮಿಷ, ನೂರರಲ್ಲಿ 36. ಆ ಒಂಬತ್ತು ನಿಮಿಷವೂ ಮೊದಲ ರೈಲ್ವೆ ಗೇಟಿನಲ್ಲಿ ಹೋಗಿಬಿಡುತ್ತದೆ.

ರಿಯಾಯಿತಿಯೂ ಜನರ ನಡವಳಿಕೆ ಬದಲಿಸಿದೆ. 2023ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಾಕಿ ಚಲನ್‌ಗೆ ಅರ್ಧ ದಂಡ ಮನ್ನಾ ಮಾಡಿತು. ಆಮೇಲೂ ಅದು ಮರಳಿ ಬಂತು. 2025ರಲ್ಲಿ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೆ ಕೊಟ್ಟರು. ಬಾಕಿ ವಸೂಲಿಗೆ ಇದು ಸುಲಭದ ದಾರಿ, ಸಾವಿರಾರು ಜನರ ಹೊರೆಯೂ ಇಳಿಯಿತು. ಆದರೆ ಚಲನ್ ಬಂದ ದಿನವೇ ಕಟ್ಟಿದವರು ಪೂರ್ತಿ ಕಟ್ಟಿದರು, ಕಾದವರು ಅರ್ಧ ಕಟ್ಟಿದರು. ಈಗ ಎಷ್ಟೋ ಮಂದಿ ಮುಂದಿನ ರಿಯಾಯಿತಿಗೆ ಕಾಯುತ್ತ ಕೂತಿದ್ದಾರೆ. ರಿಯಾಯಿತಿ ಕೊಡುವುದಾದರೆ ಮೊದಲ ಹದಿನೈದು ದಿನದಲ್ಲಿ ಕಟ್ಟಿದವರಿಗೆ ಕೊಡಲಿ, ಕಾದವರಿಗಲ್ಲ.

ಕ್ಯಾಮೆರಾ ಇಲ್ಲದ ಊರುಗಳು ತಮ್ಮದೇ ಉಪಾಯ ಮಾಡಿಕೊಂಡಿವೆ, ಹಂಪ್. ರಸ್ತೆ ಕಟ್ಟುವ ಮಾನದಂಡ ಗೊತ್ತುಮಾಡುವ ಸಂಸ್ಥೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಪ್ರಕಾರ ಹಂಪ್ ಅಗಲ 3.7 ಮೀಟರ್, ಎತ್ತರ 10 ಸೆಂ.ಮೀ. ಗಂಟೆಗೆ 25 ಕಿ.ಮೀ.ನಲ್ಲಿ ಸಲೀಸಾಗಿ ದಾಟಲು ಮಾಡಿದ ಅಳತೆ ಅದು. ಹಳ್ಳಿಯವರು ಒಂದು ಮಗು ಕಳಕೊಂಡ ಸಿಟ್ಟಿನಲ್ಲಿ ರಾತ್ರೋರಾತ್ರಿ ಹಾಕಿದ ಹಂಪ್ ಒಂದು ಮೊಳ ಅಗಲ, ಗೇಣೆತ್ತರ. ಅದಕ್ಕೆ ಬಣ್ಣವಿಲ್ಲ, ಫಲಕವಿಲ್ಲ. ಕತ್ತಲಲ್ಲಿ ಬೈಕಿನ ಹಿಂದೆ ಕೂತವರು ಎಗರಿ ಬೀಳುತ್ತಾರೆ. ಅವರ ಸಿಟ್ಟು ನ್ಯಾಯವೇ. ಊರು ಬರುವ 200 ಮೀಟರ್ ಮೊದಲು ಫಲಕ, ಆಮೇಲೆ ಒಂದು ಕ್ಯಾಮೆರಾ ಇದ್ದಿದ್ದರೆ ಆ ಹಂಪ್ ಬೇಕಿರಲಿಲ್ಲ. ಮಸ್ಕಿ, ಸಿಂಧನೂರು, ಮಾನ್ವಿ ಕಡೆ ರಸ್ತೆಗೆ ಅಂಟಿಕೊಂಡೇ ಊರುಗಳಿರುವ ಜಾಗಕ್ಕೆ ಇಂಥ ಕ್ಯಾಮೆರಾ ಮೊದಲು ಬರಬೇಕು, ಖಾಲಿ ಬಯಲಿನ ಇಳಿಜಾರಿಗಲ್ಲ. ಇಳಿಜಾರಿನಲ್ಲಿ ಕೇಸ್ ಹೆಚ್ಚು ಸಿಗುತ್ತವೆ, ಜೀವ ಉಳಿಯುವುದು ಊರ ಬಾಗಿಲಲ್ಲಿ.

ಮಿತಿಯೊಳಗೆ ಇರಲು ಗಾಡಿಯಲ್ಲೇ ಸಹಾಯವಿದೆ. 2019ರ ಜುಲೈ ನಂತರ ತಯಾರಾದ ಕಾರುಗಳಲ್ಲಿ 80 ದಾಟಿದರೆ ಆಗಾಗ, 120 ದಾಟಿದರೆ ಬಿಡದೆ ಬೀಪ್ ಬರುತ್ತದೆ. ಸದ್ದು ಕಿರಿಕಿರಿ ಎಂದು ಗ್ಯಾರೇಜಿನಲ್ಲಿ ವೈರ್ ತೆಗೆಸುವವರಿದ್ದಾರೆ. ತೆಗೆಸಬೇಡಿ, ಅದೊಂದೇ ಖರ್ಚಿಲ್ಲದ ಕಾವಲು. ಫೋನಿನ ಮ್ಯಾಪ್‌ಗಳು ಕ್ಯಾಮೆರಾ ಇರುವ ಜಾಗ ಹೇಳುತ್ತವೆ, ಆದರೆ ಇಂಟರ್‌ಸೆಪ್ಟರ್ ದಿನಕ್ಕೊಂದು ಕಡೆ ನಿಲ್ಲುತ್ತದೆ, ಅದನ್ನು ನಂಬಿ ಕೂರಬಾರದು.

ಲಾರಿ ಮಾಲೀಕರಿಗೆ ಕೆಲಸ ಇನ್ನೂ ಹೆಚ್ಚು. ಚಲನ್ ಗಾಡಿ ಹೆಸರಿಗೆ ಬರುತ್ತದೆ, ಓಡಿಸಿದವನು ಬೇರೆ. ಆ ಹೊತ್ತಿಗೆ ಸ್ಟೇರಿಂಗ್ ಮೇಲೆ ಯಾರಿದ್ದರು ಎಂದು ಪೊಲೀಸರು ಕೇಳಿದರೆ 133ನೇ ಸೆಕ್ಷನ್ ಪ್ರಕಾರ ಮಾಲೀಕರು ಹೇಳಲೇಬೇಕು. ಮೂವರು ಡ್ರೈವರ್ ಬದಲಾಗುವ ಗಾಡಿಗೆ ಟ್ರಿಪ್ ಪುಸ್ತಕ ಇಡದಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ಹೊರಟ ಸಮಯ, ಮರಳಿದ ಸಮಯ, ಡ್ರೈವರ್ ಸಹಿ, ಇಷ್ಟು ಸಾಕು. ವೇಗ ಮಿತಿ ದಾಟದಂತೆ ತಡೆಯುವ ಸ್ಪೀಡ್ ಗವರ್ನರ್ ಎಂಬತ್ತಕ್ಕೆ ಕಟ್ಟಿರಬೇಕು. ಎಫ್‌ಸಿ (ಗಾಡಿಯ ಸುಸ್ಥಿತಿ ಪರೀಕ್ಷೆ) ದಿನ ಮಾತ್ರ ಜೋಡಿಸಿ ಮರುದಿನ ಬಿಚ್ಚುವ ಗಾಡಿಗೇ ವೇಗದ ಚಲನ್ ಸಾಲುಸಾಲಾಗಿ ಬರುವುದು. ಲೋಡ್ ಇಷ್ಟು ಗಂಟೆಗೆ ಪ್ಲಾಂಟ್ ಗೇಟ್ ಮುಟ್ಟಲೇಬೇಕು ಎಂದು ಡ್ರೈವರ್ ಮೇಲೆ ಒತ್ತಡ ಹಾಕಿ, ಚಲನ್ ಬಂದಾಗ ಅವನ ಬಾಟಾದಲ್ಲಿ (ದಿನದ ಭತ್ಯೆಯಲ್ಲಿ) ಮುರಿದುಕೊಳ್ಳುವುದು ಸರಿಯಲ್ಲ. ವೇಗ ಮೀರಿ ಓಡಿಸಲು ಹಚ್ಚಿದವರಿಗೂ 183ನೇ ಸೆಕ್ಷನ್ ಅನ್ವಯಿಸುತ್ತದೆ.

ಎಫ್‌ಸಿ, ಪರ್ಮಿಟ್, ಹೆಸರು ಬದಲಾವಣೆ ಯಾವುದಿದ್ದರೂ ಹೋಗುವ ಹದಿನೈದು ದಿನ ಮೊದಲೇ ಬಾಕಿ ನೋಡಿ ಕಟ್ಟಿ. ಕಟ್ಟಿದ ಮೇಲೂ ತಾಣದಲ್ಲಿ ಬಾಕಿ ಎಂದೇ ಕೆಲವು ದಿನ ತೋರಿಸಬಹುದು. ಬ್ಯಾಂಕಿನ ವಹಿವಾಟು ಸಂಖ್ಯೆ ಮತ್ತು ರಸೀದಿಯ ಪಿಡಿಎಫ್ ಎರಡನ್ನೂ ಇಟ್ಟುಕೊಳ್ಳಿ. ಬಾಕಿ ಹಾಗೇ ತೋರುತ್ತಿದೆ ಎಂದು ಗಾಬರಿಯಾಗಿ ಎರಡನೇ ಸಲ ಕಟ್ಟಬೇಡಿ. ವಾರ ಕಳೆದರೂ ಬದಲಾಗದಿದ್ದರೆ ಆ ಎರಡು ದಾಖಲೆಯ ಜೊತೆ ಚಲನ್ ಹಾಕಿದ ಠಾಣೆಗೇ ಹೋಗಿ, ಚಲನ್ ಎದುರು ಇತ್ಯರ್ಥವಾಗಿದೆ ಎಂದು ಬಂದದ್ದನ್ನು ಅಲ್ಲೇ ನೋಡಿಕೊಂಡು ಬನ್ನಿ.